ಬಿಟ್ಟುಕೊಟ್ಟ ರೇಸ್‌ಗಳು: ಒಬ್ಬ ಸೈಕ್ಲೋಕ್ರಾಸ್ ಆಟಗಾರ್ತಿಯ ಪ್ರಕರಣ

ನಾನು ಆರು ಸೀಸನ್ ಕೋಚ್ ಆಗಿ ಜೊತೆಗಿದ್ದ ಒಬ್ಬ ಆಟಗಾರ್ತಿಯ ವಿಷಯ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ದೇಶ, ತಂಡ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆದರೆ ದೇಹಕ್ಕೆ ಆದದ್ದು, ನಾವು ಮಾಡಿದ ತೀರ್ಮಾನಗಳು, ಅವು ಬಂದ ಕ್ರಮ, ಇವೆಲ್ಲ ಇದ್ದ ಹಾಗೇ ಇವೆ. ಆಕೆಯ ವೇಳಾಪಟ್ಟಿ ಹಾಕುತ್ತಿದ್ದದ್ದು ನಾನು. ಅದರಲ್ಲಿ ದೊಡ್ಡ ತಪ್ಪಿತ್ತು. ಇನ್ನೊಬ್ಬ ಕೋಚ್ ಅದನ್ನೇ ಮಾಡುವ ಮುಂಚೆ ಇದನ್ನು ಓದಲಿ ಎಂಬುದು ನನ್ನ ಆಸೆ.

ಆಟದ ಬಗ್ಗೆ ಸ್ವಲ್ಪ

ಸೈಕ್ಲೋಕ್ರಾಸ್ ಚಳಿಗಾಲದ ಸೈಕಲ್ ಆಟ. ಸೆಪ್ಟೆಂಬರ್‌ನಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತದೆ. ಎರಡೂವರೆಯಿಂದ ಮೂರೂವರೆ ಕಿಲೋಮೀಟರ್ ಉದ್ದದ ಒಂದು ಸುತ್ತು. ಅದರಲ್ಲಿ ಹುಲ್ಲು, ಕೆಸರು, ಮರಳು, ಕಡಿದಾದ ಏರು, ಮೆಟ್ಟಿಲು, ಅಡ್ಡಲಾಗಿ ನಿಲ್ಲಿಸಿದ ಹಲಗೆಗಳು. ಸವಾರಿ ಆಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಟೈರ್ 33 ಮಿಲಿಮೀಟರ್‌ಗಿಂತ ಅಗಲ ಇರುವಂತಿಲ್ಲ. ಎಲೈಟ್ ಮಹಿಳೆಯರ ರೇಸ್ ಮೊದಲು 40 ನಿಮಿಷ ಇತ್ತು, ಈಗ ಸುಮಾರು 50 ನಿಮಿಷ. ಆ ಹೊತ್ತಿಡೀ ಎದೆಬಡಿತ ಮೇಲ್ಮಟ್ಟದಲ್ಲೇ ಇರುತ್ತದೆ. ರೋಡ್ ರೇಸ್‌ನ ಹಾಗೆ ಗುಂಪಿನೊಳಗೆ ಸೇರಿ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ.

ಈ ಆಟದ ಮನೆ ಬೆಲ್ಜಿಯಂನ ಫ್ಲಾಂಡರ್ಸ್. ಬೇರೆ ದೇಶದಲ್ಲಿ ಹುಟ್ಟಿದವರು ಇದನ್ನೇ ಕಸುಬು ಮಾಡಿಕೊಳ್ಳಬೇಕೆಂದರೆ ಬಹುತೇಕ ಅಲ್ಲಿಗೇ ಹೋಗಿ ಇರಬೇಕು. ಆಕೆಯೂ 23ನೇ ವಯಸ್ಸಿಗೆ ಅಲ್ಲಿಗೆ ಬಂದಳು. ಒಂದು ಬಾಡಿಗೆ ಕೋಣೆ, ಒಂದು ಹಳೆಯ ವ್ಯಾನ್, ಎರಡು ಸೈಕಲ್.

ಆಕೆ ಬೆಳೆದ ಕಾಲವನ್ನೂ ಹೇಳಬೇಕು. ಗಂಡಸರ ವಿಶ್ವ ಚಾಂಪಿಯನ್‌ಶಿಪ್ 1950ರಿಂದ ಇದೆ. ಹೆಂಗಸರದ್ದು ಶುರುವಾದದ್ದು 2000ದಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಆ ಮೊದಲ ರೇಸನ್ನು ಗೆದ್ದವರು ಜರ್ಮನಿಯ ಹಾಂಕಾ ಕುಪ್ಫರ್‌ನಾಗೆಲ್. ಜೂನಿಯರ್ ಹುಡುಗಿಯರಿಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪ್ರತ್ಯೇಕ ರೇಸ್ ಸಿಗಲು 2020ರವರೆಗೆ ಕಾಯಬೇಕಾಯಿತು. ಸ್ವಿಟ್ಜರ್‌ಲ್ಯಾಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ಅದು ಮೊದಲ ಸಲ ನಡೆಯಿತು. ನಮ್ಮ ಆಟಗಾರ್ತಿಗೆ ಆ ಮೆಟ್ಟಿಲೇ ಇರಲಿಲ್ಲ. 17ನೇ ವಯಸ್ಸಿನಲ್ಲಿ ನೇರವಾಗಿ ದೊಡ್ಡವರ ಜೊತೆ ನಿಂತಳು. ಸೋಲುವುದು, ಸುತ್ತು ಹಿಂದೆ ಬೀಳುವುದು, ಮತ್ತೆ ಬರುವುದು, ಇದೇ ಆಕೆಯ ಶಾಲೆ. ಹಲ್ಲು ಕಚ್ಚಿ ತಡೆದುಕೊಳ್ಳುವುದನ್ನು ಅಲ್ಲೇ ಕಲಿತಳು. ಆ ಗುಣ ಮುಂದೆ ಆಕೆಗೆ ಎಷ್ಟು ಕೊಟ್ಟಿತೋ ಅಷ್ಟನ್ನು ಕಿತ್ತುಕೊಂಡಿತು ಕೂಡ.

ಹಿಂದಿನ ಸಾಲಿನ ಲೆಕ್ಕ

ಫ್ಲಾಂಡರ್ಸ್‌ಗೆ ಬಂದ ಮೊದಲ ಸೀಸನ್‌ನಲ್ಲೇ ಆಕೆಯ ಮುಖ್ಯ ಕಷ್ಟ ಗೊತ್ತಾಯಿತು. ಅದು ಕಾಲಿನ ಶಕ್ತಿಯದ್ದಲ್ಲ, ನಿಲ್ಲುವ ಜಾಗದ್ದು.

ರೇಸ್ ಶುರುವಿನಲ್ಲಿ ಸಾಲಿಗೆ ಎಂಟು ಜನ ನಿಲ್ಲುತ್ತಾರೆ. ಯಾರು ಯಾವ ಸಾಲಿನಲ್ಲಿ ಅನ್ನುವುದನ್ನು ಪಾಯಿಂಟ್ ನಿರ್ಧರಿಸುತ್ತದೆ. ಅದನ್ನು ಲೆಕ್ಕ ಇಡುವುದು ಯುಸಿಐ, ಅಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ. ಯುಸಿಐ ರ‍್ಯಾಂಕಿಂಗ್‌ನಲ್ಲಿ ಹಿಂದಿನ 12 ತಿಂಗಳ ಪಾಯಿಂಟ್ ಎಣಿಸುತ್ತಾರೆ. ಮೇಲ್ಮಟ್ಟದ ಸರಣಿಯಾದ ವರ್ಲ್ಡ್ ಕಪ್‌ನ ಒಂದು ರೇಸ್ ಗೆದ್ದರೆ 200, ಅದರ ಕೆಳಗಿನ ಸಿ1 ದರ್ಜೆಯ ರೇಸ್ ಗೆದ್ದರೆ 80, ಇನ್ನೂ ಕೆಳಗಿನ ಸಿ2 ಗೆದ್ದರೆ 40. ಸಿ2ನಲ್ಲಿ ಮೊದಲ ಹತ್ತು ಜನರಿಗೆ ಮಾತ್ರ ಪಾಯಿಂಟ್. ಪಾಯಿಂಟ್ ಇಲ್ಲದವರು ಕೊನೆಯ ಸಾಲು.

ಕೊನೆಯ ಸಾಲು ಅಂದರೆ ಏನು ಅಂತ ಟಿವಿಯಲ್ಲಿ ನೋಡಿದರೆ ತಿಳಿಯುವುದಿಲ್ಲ. ಶುರುವಿನ ನೇರ ದಾರಿ ಅಗಲ ಇರುತ್ತದೆ. ಅದು ಮುಗಿದ ಕೂಡಲೇ ಮೊದಲ ತಿರುವು. ಅಲ್ಲಿ ದಾರಿ ಸಣ್ಣದಾಗುತ್ತದೆ. ಮುಂದಿನವರು ಪೆಡಲ್ ತುಳಿಯುತ್ತಲೇ ನುಗ್ಗುತ್ತಾರೆ. ಹಿಂದಿನವರು ಅಲ್ಲಿ ಕಾಲು ಕೆಳಗಿಟ್ಟು ನಿಲ್ಲುತ್ತಾರೆ. ಅಕ್ಷರಶಃ ನಿಲ್ಲುತ್ತಾರೆ. ಮುಂದೆ ಯಾರೋ ಬಿದ್ದಿದ್ದರೆ ಇನ್ನೂ ಹೊತ್ತು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಅರ್ಧ ನಿಮಿಷ ಹೋಗಿರುತ್ತದೆ. ಆ ಅರ್ಧ ನಿಮಿಷವನ್ನು ವಾಪಸ್ ತರಲು ಒಬ್ಬೊಬ್ಬರನ್ನೇ ಒದ್ದೆ ಹುಲ್ಲಿನ ಅಂಚಿನಲ್ಲಿ ದಾಟಬೇಕು. ಪ್ರತಿ ದಾಟುವಿಕೆಗೂ ಒಂದು ಸಣ್ಣ ಸ್ಪ್ರಿಂಟ್. ಕೊನೆಗೆ 25ನೇ ಸ್ಥಾನ, ಪಾಯಿಂಟ್ ಅಷ್ಟಕ್ಕಷ್ಟೇ, ಮುಂದಿನ ವಾರ ಮತ್ತದೇ ಸಾಲು.

ದುಡ್ಡಿನ ಕಥೆಯೂ ಇದಕ್ಕೇ ಅಂಟಿಕೊಂಡಿತ್ತು. ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಬಹುಮಾನ ಅಂತ ಯುಸಿಐ 2013ರಿಂದ ಮಾಡಿತು. ಆದರೆ ಹೊಟ್ಟೆ ತುಂಬಿಸುವುದು ವರ್ಷಕ್ಕೊಮ್ಮೆ ಬರುವ ಆ ದಿನ ಅಲ್ಲ, ವಾರ ವಾರದ ರೇಸ್‌ಗಳು. ಅಲ್ಲಿ ಸಂಘಟಕರು ಕೊಡುವ ಸ್ಟಾರ್ಟ್ ಮನಿಯೇ ಆಧಾರ. ಕಣಕ್ಕಿಳಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. 2020ರಲ್ಲಿ ರೋಡ್ ಸೈಕ್ಲಿಂಗ್‌ನ ಮೇಲ್ದರ್ಜೆಯ ಮಹಿಳಾ ತಂಡಗಳಿಗೆ ವರ್ಷಕ್ಕೆ 15,000 ಯೂರೋ ಕನಿಷ್ಠ ಸಂಬಳ ಬಂತು. ಬರೀ ಕ್ರಾಸ್ (ಸೈಕ್ಲೋಕ್ರಾಸ್) ಓಡಿಸುವ ಆಕೆಗೆ ಅದು ಅನ್ವಯಿಸುತ್ತಿರಲಿಲ್ಲ. ಆಕೆಯ ತಂಡದ ಒಪ್ಪಂದ ಪ್ರತಿ ಮಾರ್ಚ್‌ನಲ್ಲಿ ಹೊಸದಾಗಬೇಕು. ಅದಕ್ಕೆ ರ‍್ಯಾಂಕಿಂಗ್ ನೋಡುತ್ತಿದ್ದರು.

ಹಾಗಾಗಿ ಪಾಯಿಂಟ್ ಬೇಕು, ಪಾಯಿಂಟ್‌ಗೆ ರೇಸ್ ಬೇಕು, ಬಾಡಿಗೆಗೂ ರೇಸ್ ಬೇಕು. ಎಲ್ಲ ಬಾಣಗಳೂ ಒಂದೇ ಕಡೆ ತೋರಿಸುತ್ತಿದ್ದವು. ಇನ್ನೂ ಜಾಸ್ತಿ ರೇಸ್ ಮಾಡು.

ಮೊದಲು ನಾವು ಮಾಡಿದ್ದು

ನಾನು ನಕ್ಷೆ ಹಿಡಿದು ಕೂತೆ. ದೊಡ್ಡ ಹೆಸರುಗಳು ಬಾರದ ಸಿ2 ರೇಸ್‌ಗಳು ಎಲ್ಲೆಲ್ಲಿವೆ ಎಂದು ಗುರುತು ಹಾಕಿದೆ. ಸ್ವಿಟ್ಜರ್‌ಲ್ಯಾಂಡ್, ಫ್ರಾನ್ಸ್, ಚೆಕ್ ದೇಶ, ಸ್ಪೇನ್. ಶನಿವಾರ ಒಂದು ದೇಶ, ಭಾನುವಾರ ಇನ್ನೊಂದು. ರಾತ್ರಿಯಿಡೀ ವ್ಯಾನ್. ಆಕೆ ಹಿಂದೆ ಚಕ್ರಗಳ ಮಧ್ಯೆ ಮಲಗುತ್ತಿದ್ದಳು. ಪಾಯಿಂಟ್ ಬಂತು. ನಿಜಕ್ಕೂ ಬಂತು. ಆರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಬಂದೆವು.

ಎರಡನೆಯದು ತೂಕ. ಮೊದಲ ಸೀಸನ್ ಮುಗಿದ ಬೇಸಿಗೆಯಲ್ಲಿ ಆಕೆ ತಾನೇ ಇದನ್ನು ಶುರು ಮಾಡಿದಳು. 57 ಕೆಜಿ ಇದ್ದವಳು ಅಕ್ಟೋಬರ್ ಹೊತ್ತಿಗೆ 53, ಆಮೇಲೆ 52. ನಾನು ತಡೆಯಲಿಲ್ಲ. ಮೆಟ್ಟಿಲು ಹತ್ತುವಾಗ, ಕೆಸರಿನ ಏರಿನಲ್ಲಿ ಸೈಕಲ್ ಹೊತ್ತು ಓಡುವಾಗ ಕಡಿಮೆ ತೂಕ ಲಾಭ ಅಂತ ಈ ಆಟದಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಆ ಉಪಾಯ ಮೊದಲು ಕೆಲಸ ಮಾಡಿತು. ಎರಡನೇ ಸೀಸನ್‌ನ ಡಿಸೆಂಬರ್‌ನಲ್ಲಿ ಒಂದು ವರ್ಲ್ಡ್ ಕಪ್‌ನಲ್ಲಿ ಆಕೆ 11ನೇ ಸ್ಥಾನ ಪಡೆದಳು. ಉದ್ದ ಮೆಟ್ಟಿಲು ಇದ್ದ ಕೋರ್ಸ್. ಪ್ರತಿ ಸುತ್ತಿನಲ್ಲೂ ಆ ಮೆಟ್ಟಿಲಿನಲ್ಲಿ ಯಾರನ್ನಾದರೂ ದಾಟುತ್ತಿದ್ದಳು. ನಾನು ಪಿಟ್‌ನಲ್ಲಿ, ಅಂದರೆ ಸೈಕಲ್ ಬದಲಿಸಿಕೊಡುವ ಜಾಗದಲ್ಲಿ, ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಆ ರಾತ್ರಿ ನಮಗಿಬ್ಬರಿಗೂ ದಾರಿ ಸಿಕ್ಕಿತು ಅನ್ನಿಸಿತ್ತು. ಕಡಿಮೆ ತಿನ್ನುವ ದೇಹ ತಕ್ಷಣ ಕೈಕೊಡುವುದಿಲ್ಲ. ಕೆಲವು ತಿಂಗಳು ಹಗುರ ಓಡುತ್ತದೆ. ಆ ಕೆಲವು ತಿಂಗಳ ಫಲಿತಾಂಶ ನೋಡಿ ಕೋಚ್ ಮರುಳಾಗುತ್ತಾನೆ. ನನಗೆ ಆದದ್ದು ಅದೇ.

ಮೂರನೇ ಸೀಸನ್‌ಗೆ ನಾನು ಹಾಕಿದ ಪಟ್ಟಿಯಲ್ಲಿ 34 ರೇಸ್ ಇದ್ದವು.

ನೋಡಿಯೂ ನೋಡದ ಗುರುತುಗಳು

ಈಗ ಹಳೆಯ ಡೈರಿ ತೆಗೆದು ನೋಡಿದರೆ ಎಲ್ಲವೂ ಅಲ್ಲೇ ಇದೆ. ನನ್ನ ಕೈಬರಹದಲ್ಲೇ ಇದೆ. ಸೆಪ್ಟೆಂಬರ್ ಕೊನೆ: ಗಂಟಲು ನೋವು. ಅಕ್ಟೋಬರ್ ಮಧ್ಯ: ಮತ್ತೆ ಗಂಟಲು ನೋವು. ನವೆಂಬರ್: ನಿದ್ದೆ ಸರಿಯಿಲ್ಲ, ರಾತ್ರಿ ಎರಡು ಕಂಬಳಿ ಹೊದ್ದರೂ ಚಳಿ. ನವೆಂಬರ್ ಕೊನೆ: ಕೊನೆಯ ಸುತ್ತಿನಲ್ಲಿ ಬಿದ್ದಳು, ಬ್ರೇಕ್ ಹಿಡಿದದ್ದೇ ಗೊತ್ತಾಗಲಿಲ್ಲ, ಬೆರಳು ಮರಗಟ್ಟಿತ್ತು ಎಂದಳು. ಡಿಸೆಂಬರ್: ಸುಮ್ಮಸುಮ್ಮನೆ ಸಿಟ್ಟು, ಮೆಕ್ಯಾನಿಕ್ ಮೇಲೆ ರೇಗಿದಳು.

ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಸುಲಭ ಕಾರಣ ಇತ್ತು. ಬೆಲ್ಜಿಯಂ ಚಳಿ, ವ್ಯಾನ್ ಪ್ರಯಾಣ, ಮನೆಯ ನೆನಪು. ಬಿಡಿ ಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ, ಅಲ್ವಾ? ಒಟ್ಟಿಗೆ ಇಟ್ಟು ನೋಡುವ ಕೆಲಸ ನನ್ನದಾಗಿತ್ತು.

ಊಟದ ಸಮಯವೂ ಸರಿಯಿರಲಿಲ್ಲ. ಮಹಿಳೆಯರ ರೇಸ್ ಹೆಚ್ಚಾಗಿ ಮಧ್ಯಾಹ್ನ ಒಂದೂವರೆಯ ಆಚೀಚೆ. ಬೆಳಿಗ್ಗೆ ಏಳಕ್ಕೆ ತಿಂಡಿ. ಹತ್ತರ ನಂತರ ಕೋರ್ಸ್ ನೋಡಲು ಎರಡು ಮೂರು ಸುತ್ತು. ಆಮೇಲೆ ಬಟ್ಟೆ ಬದಲಾಯಿಸಿ ರೋಲರ್ ಮೇಲೆ ವಾರ್ಮಪ್. ಹೊಟ್ಟೆ ತುಂಬಿದ್ದರೆ ಓಡುವಾಗ ವಾಂತಿ ಬರುತ್ತದೆ ಎಂದು ಆಕೆ ಏನೂ ತಿನ್ನುತ್ತಿರಲಿಲ್ಲ. ರೇಸ್ ಮುಗಿದ ಮೇಲೆ ಕೆಸರು ತೊಳೆದು ಸಾಮಾನು ತುಂಬಿಸಿ ಹೊರಡುವಾಗ ನಾಲ್ಕು ಗಂಟೆ. ರಾತ್ರಿ ಬರೀ ಸೂಪ್. ಮರುದಿನ ಮತ್ತೊಂದು ರೇಸ್.

ಇನ್ನು ಮುಟ್ಟಿನ ವಿಷಯ. ನಾನು ಕೇಳಲೇ ಇಲ್ಲ. ಗಂಡಸಾದ ನನಗೆ ಕೇಳಲು ಮುಜುಗರ. ಆಕೆ ಹೇಳಲೂ ಇಲ್ಲ. ಜಾಸ್ತಿ ತರಬೇತಿ ಮಾಡುವ ಹುಡುಗಿಯರಿಗೆ ಮುಟ್ಟು ನಿಲ್ಲುವುದು ಸಹಜ ಅಂತ ಹದಿಹರೆಯದಲ್ಲೇ ಯಾರೋ ಆಕೆಗೆ ಹೇಳಿದ್ದರಂತೆ. ರೇಸ್ ದಿನ ತೊಂದರೆ ಇಲ್ಲ ಅಂತ ಒಳಗೊಳಗೆ ಸಮಾಧಾನವೂ ಇತ್ತು ಎಂದು ಆಮೇಲೆ ಹೇಳಿದಳು.

ಕ್ರಿಸ್‌ಮಸ್ ಎರಡು ವಾರ

ಫ್ಲಾಂಡರ್ಸ್‌ನಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷ ದಾಟುವವರೆಗೆ ಎರಡು ವಾರ ಸೈಕ್ಲೋಕ್ರಾಸ್‌ನ ಜಾತ್ರೆ. ಹೆಚ್ಚು ಕಡಿಮೆ ದಿನ ಬಿಟ್ಟು ದಿನ ರೇಸ್. ಡೀಗೆಮ್‌ನಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಓಡಿಸುತ್ತಾರೆ. ಲೋನ್‌ಹೌಟ್ ಇದೆ. ಜನವರಿ 1ಕ್ಕೆ ಬಾಲ್ ಎಂಬ ಊರಿನಲ್ಲಿ. ರಜೆ ಇರುವುದರಿಂದ ಸಾವಿರಾರು ಜನ ಸೇರುತ್ತಾರೆ, ಟಿವಿ ಇರುತ್ತದೆ, ತಂಡದ ಪ್ರಾಯೋಜಕರು ಬರುತ್ತಾರೆ. ಸ್ಟಾರ್ಟ್ ಮನಿಯೂ ಒಂದರ ಹಿಂದೊಂದು. ಆ ಎರಡು ವಾರ ಬಿಡುವುದು ಅಂದರೆ ವ್ಯಾಪಾರಿ ಹಬ್ಬದ ದಿನ ಅಂಗಡಿ ಮುಚ್ಚಿದ ಹಾಗೆ.

ಆ ವರ್ಷದ ಪಟ್ಟಿಯಲ್ಲಿ ಎರಡು ವಾರಕ್ಕೆ ಏಳು ರೇಸ್ ಇದ್ದವು. ಮೂರನೆಯದರಲ್ಲಿ ಬಲಗಾಲಿನ ಮುಂಪಾದ ನೋಯುತ್ತಿದೆ ಎಂದಳು. ಕ್ರಾಸ್ ಶೂಗಳ ಅಡಿ ಗಟ್ಟಿ, ತುದಿಯಲ್ಲಿ ಮೊಳೆ. ಹೆಪ್ಪುಗಟ್ಟಿದ ನೆಲದ ಮೇಲೆ ಓಡಿದರೆ ಪಾದಕ್ಕೆ ಏಟು ಬೀಳುವುದು ಸಾಮಾನ್ಯ. ಪಟ್ಟಿ ಸುತ್ತಿದೆವು. ನಾಲ್ಕು, ಐದು ಹಾಗೇ ಕಳೆದವು. ಆರನೆಯದರಲ್ಲಿ ಹಲಗೆಗಳ ಮುಂದೆ ಇಳಿದವಳು ಓಡಲಿಲ್ಲ. ನಡೆದಳು. ಸೈಕಲ್ಲಿಗೆ ಒರಗಿಕೊಂಡು ಕುಂಟುತ್ತಾ ನಡೆದಳು. ಹಿಂದಿನವರೆಲ್ಲ ಪಕ್ಕದಿಂದ ಹಾರಿ ಹೋದರು. ಮೂರು ಸೀಸನ್‌ಗಳಲ್ಲಿ ಆಕೆ ಹಲಗೆ ಮುಂದೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಿಟ್‌ಗೆ ಬಂದಾಗ ಸೈಕಲ್ ಬದಲಿಸಲು ಕೈ ಚಾಚಿದಳು. ನಾನು ಹೊಸ ಸೈಕಲ್ ಕೊಡಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನ ದಿನಗಳಲ್ಲಿ ಇಂಥ ಬಿರುಕು ಎಕ್ಸ್‌ರೇಗೆ ಎಷ್ಟೋ ಸಲ ಸಿಗುವುದಿಲ್ಲ. ಎಂಆರ್‌ಐ ಮಾಡಿದಾಗ ಪಾದದ ಎರಡನೇ ಉದ್ದ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಆದ ಸಣ್ಣ ಬಿರುಕು. ಅದನ್ನು ನೋಡಿದ ಕ್ರೀಡಾ ವೈದ್ಯೆ ಪಾದದ ಬಗ್ಗೆ ಇನ್ನೇನೂ ಕೇಳಲಿಲ್ಲ. "ಕೊನೆಯ ಸಲ ಮುಟ್ಟಾದದ್ದು ಯಾವಾಗ?" ಎಂದರು.

ಆಕೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಹದಿನಾಲ್ಕು ತಿಂಗಳು.

ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಆ 11ನೇ ಸ್ಥಾನದ ದಿನ, ನಾನು ಗಂಟಲು ಹರಿದುಕೊಂಡ ದಿನ, ಅದು ಈ ಹದಿನಾಲ್ಕು ತಿಂಗಳೊಳಗೇ ಇತ್ತು.

ವೈದ್ಯೆ ಹೇಳಿದ್ದು

ಇದಕ್ಕೆ ರೆಡ್-ಎಸ್ ಎನ್ನುತ್ತಾರೆ. ಆಟಕ್ಕೆ ಖರ್ಚಾಗುವ ಶಕ್ತಿ ಕಳೆದ ಮೇಲೆ ದೇಹದ ಉಳಿದ ಕೆಲಸಕ್ಕೆ ಸಾಕಾಗುವಷ್ಟು ಉಳಿಯದಿದ್ದಾಗ ಬರುವ ಸ್ಥಿತಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಹೆಸರು ಕೊಟ್ಟಿತು. ಅದಕ್ಕೂ ಮುಂಚೆ ಕಡಿಮೆ ಊಟ, ನಿಂತ ಮುಟ್ಟು, ಸವೆದ ಮೂಳೆ ಈ ಮೂರನ್ನು ಸೇರಿಸಿ ನೋಡುತ್ತಿದ್ದರು. ಈಗ ರೋಗ ತಡೆಯುವ ಶಕ್ತಿ, ಹೃದಯ, ಜೀರ್ಣ, ಮನಸ್ಸು ಎಲ್ಲವನ್ನೂ ಸೇರಿಸುತ್ತಾರೆ. ಗಂಡಸರಿಗೂ ಬರುತ್ತದೆ. ನನ್ನ ಡೈರಿಯ ಗಂಟಲು ನೋವು, ಚಳಿ, ಸಿಟ್ಟು ಎಲ್ಲಕ್ಕೂ ಒಂದೇ ಬೇರು ಇದ್ದಿರಬಹುದು.

ದೇಹ ಉಳಿತಾಯ ಶುರು ಮಾಡುತ್ತದೆ ಎಂದು ಅವರು ವಿವರಿಸಿದರು. ತಕ್ಷಣಕ್ಕೆ ಬೇಡದ ಖರ್ಚನ್ನು ನಿಲ್ಲಿಸುತ್ತದೆ. ಮೊದಲು ನಿಲ್ಲುವ ಕೆಲಸಗಳಲ್ಲಿ ಮುಟ್ಟೂ ಒಂದು. ಅದರ ಜೊತೆ ಈಸ್ಟ್ರೋಜನ್ ಇಳಿಯುತ್ತದೆ. ಈಸ್ಟ್ರೋಜನ್ ಇಳಿದರೆ ಮೂಳೆ ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಸೈಕಲ್ ಸವಾರರಿಗೆ ಇನ್ನೊಂದು ತೊಂದರೆ ಇದೆ. ಸೀಟಿನ ಮೇಲೆ ಕೂತು ಮಾಡುವ ಆಟ ಆದ್ದರಿಂದ ಮೂಳೆಗೆ ಬೀಳಬೇಕಾದ ಭಾರ ಬೀಳುವುದಿಲ್ಲ. ಕ್ರಾಸ್‌ನಲ್ಲಿ ಓಟ ಇದೆಯಲ್ಲ ಅಂದೆ. ಆ ಓಟ ಗಟ್ಟಿ ಮೂಳೆಗೆ ಒಳ್ಳೆಯದು, ಬಡವಾದ ಮೂಳೆಗೆ ಅದೇ ಪೆಟ್ಟು ಎಂದರು.

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ಝಡ್ ಸ್ಕೋರ್ ಮೈನಸ್ 1.8. ಅದೇ ವಯಸ್ಸಿನ ಹೆಂಗಸರ ಸರಾಸರಿ ಸೊನ್ನೆ. ಆಗ ಆಕೆಗೆ 26 ವರ್ಷ.

ತಂಡದ ಕಡೆಯ ಒಬ್ಬರು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಮುಟ್ಟು ಬರುತ್ತದಲ್ಲ, ಮುಗಿಯಿತಲ್ಲ ಎಂದರು. ವೈದ್ಯೆ ಬೇಡ ಎಂದರು. ಮಾತ್ರೆಯಿಂದ ಬರುವ ರಕ್ತಸ್ರಾವ ದೇಹದ ಸ್ವಂತ ಚಕ್ರ ಅಲ್ಲ. ಅದು ಮೂಳೆಯನ್ನು ಕಾಪಾಡುವುದಿಲ್ಲ. ಜೊತೆಗೆ ದೇಹ ಚೇತರಿಸಿತೇ ಇಲ್ಲವೇ ಎಂದು ತಿಳಿಯುವ ಒಂದೇ ಸುಲಭ ಗುರುತನ್ನೂ ಮುಚ್ಚಿಹಾಕುತ್ತದೆ. ಈ ಮಾತು ತರಬೇತುದಾರರು ನೆನಪಿಡಬೇಕಾದದ್ದು. ಆ ಸಲಹೆ ಇವತ್ತಿಗೂ ಆಟದ ವಲಯದಲ್ಲಿ ಓಡಾಡುತ್ತದೆ.

ಔಷಧಿ ಎಂದರೆ ಊಟ ಮತ್ತು ವಿಶ್ರಾಂತಿ. ಪಾದ ಅಲುಗಾಡದ ಹಾಗೆ ಆರು ವಾರ ಆಸ್ಪತ್ರೆಯ ಗಟ್ಟಿ ಬೂಟು. ಸೀಸನ್ ಅಲ್ಲಿಗೇ ಮುಗಿಯಿತು. ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು.

ಜಗಳ, ಆಮೇಲೆ ಒಪ್ಪಂದ

ಮಾರ್ಚ್‌ನಲ್ಲಿ ಮುಂದಿನ ಸೀಸನ್ ಪಟ್ಟಿ ಹಾಕಲು ಕೂತೆವು. ನನ್ನ ಮೊದಲ ಪಟ್ಟಿಯಲ್ಲಿ 14 ರೇಸ್. ಕ್ರಿಸ್‌ಮಸ್ ಎರಡು ವಾರ ಪೂರ್ತಿ ಖಾಲಿ. ಆಕೆ ಕಾಗದ ನೋಡಿ ಎದ್ದು ಹೋದಳು. ಮೂರು ದಿನ ಮಾತಿಲ್ಲ.

ಮರಳಿ ಬಂದಾಗ ಆಕೆ ಹೇಳಿದ್ದು ನ್ಯಾಯವಾಗಿತ್ತು. "ಮಾರಿಯಾನೆ ವೋಸ್ ಕಡಿಮೆ ರೇಸ್ ಮಾಡಬಹುದು. ಅವರಿಗೆ ರೋಡ್ ತಂಡದ ಸಂಬಳ ಇದೆ. ನನಗೆ ಏನಿದೆ?" ಎಂಟು ಸಲ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದ ವೋಸ್ ಅವರ ಮಾತು ಬಿಡಿ, ಫ್ರಾನ್ಸ್‌ನ ಪೋಲಿನ್ ಫೆರಾಂ-ಪ್ರೆವೊ 2015ರಲ್ಲಿ ರೋಡ್, ಕ್ರಾಸ್, ಮೌಂಟೇನ್ ಬೈಕ್ ಮೂರರ ವಿಶ್ವ ಪಟ್ಟವನ್ನೂ ಒಟ್ಟಿಗೆ ಹಿಡಿದಿದ್ದರು. ಅಂಥವರಿಗೆ ಕ್ರಾಸ್ ವರ್ಷದ ಒಂದು ಭಾಗ. ಆಕೆಗೆ ಅದೇ ಪೂರ್ತಿ ವರ್ಷ. ವಿಶ್ರಾಂತಿ ತೆಗೆದುಕೊಳ್ಳುವುದಕ್ಕೂ ದುಡ್ಡು ಬೇಕು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೊನೆಗೆ 19 ರೇಸ್‌ಗೆ ಒಪ್ಪಿದೆವು. ಕ್ರಿಸ್‌ಮಸ್ ಹೊತ್ತಿನಲ್ಲಿ ಎರಡೇ: ಡಿಸೆಂಬರ್ 26 ಮತ್ತು ಜನವರಿ 1. ತಂಡಕ್ಕೆ ಆ ಎರಡು ಸಾಕು ಎನ್ನಿಸಲು ಆಕೆಯೇ ಹೋಗಿ ಮಾತಾಡಿದಳು, ಸ್ಕ್ಯಾನ್ ವರದಿ ಹಿಡಿದುಕೊಂಡು. ಒಪ್ಪಂದದ ದುಡ್ಡು ಸ್ವಲ್ಪ ಕಡಿಮೆ ಮಾಡಿದರು. ಆ ಕೊರತೆಗೆ ಬೇಸಿಗೆಯಲ್ಲಿ ಒಂದು ಅರೆಕಾಲಿಕ ಕೆಲಸ ಹಿಡಿದಳು. ಊಟ ಬಿಟ್ಟು ತರಬೇತಿಗೆ ಹೋಗುವಂತಿಲ್ಲ ಅನ್ನುವುದು ಇನ್ನೊಂದು ಷರತ್ತು. ತಿಂಗಳಿಗೊಮ್ಮೆ ಆಹಾರ ತಜ್ಞೆಯ ಜೊತೆ ಮಾತು. ತಕ್ಕಡಿಯನ್ನು ಮನೆಯಿಂದ ಹೊರಗೆ ಹಾಕಿದಳು.

ಮುಟ್ಟು ಆಗಸ್ಟ್‌ನಲ್ಲಿ ಮರಳಿತು. ಆಕೆ ಕಳಿಸಿದ ಸಂದೇಶದಲ್ಲಿ ಒಂದೇ ಪದ ಇತ್ತು: "ಬಂತು."

ಕೈಬಿಡುವಷ್ಟು ಹತ್ತಿರ

ಇಲ್ಲಿಂದ ಎಲ್ಲ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕನೇ ಸೀಸನ್‌ನ ಶುರು ಕೆಟ್ಟದಾಗಿತ್ತು. ಹಳೆಯ ಪಾಯಿಂಟ್‌ಗಳು ವಾರ ವಾರ ಉದುರುತ್ತಿದ್ದವು, ಹೊಸವು ಸೇರುತ್ತಿರಲಿಲ್ಲ. ಮೂರನೇ ಸಾಲಿನಿಂದ ಐದನೇ ಸಾಲಿಗೆ ಹೋದಳು. ಮೆಟ್ಟಿಲಲ್ಲಿ ಮೊದಲಿನ ಹಗುರ ಇಲ್ಲ. ಅಕ್ಟೋಬರ್‌ನ ಒಂದು ರೇಸ್‌ನಲ್ಲಿ 27ನೇ ಸ್ಥಾನ. ವ್ಯಾನ್ ಹಿಂದೆ ಕೂತು ಅತ್ತಳು. "ಎರಡು ಕೆಜಿ ಇಳಿಸಿದರೆ ಸಾಕು, ಎರಡೇ ಕೆಜಿ" ಎಂದಳು.

ನಾನು ಆಗಲಿ ಅನ್ನುವುದರಲ್ಲಿದ್ದೆ. ಇದನ್ನು ಹೇಳಲೇಬೇಕು. ಎಲ್ಲ ಗೊತ್ತಿದ್ದೂ ಬಾಯಿ ತುದಿಗೆ ಬಂದಿತ್ತು. ಫಲಿತಾಂಶದ ಹಸಿವು ಅಷ್ಟು ಜೋರು. ಆ ದಿನ ತಡೆದದ್ದು ನನ್ನ ತಿಳಿವಳಿಕೆ ಅಲ್ಲ, ಮೊದಲೇ ಬರೆದಿಟ್ಟ ಒಂದು ಸಾಲು. ಊಟದ ಬಗ್ಗೆ, ರೇಸ್ ಸಂಖ್ಯೆಯ ಬಗ್ಗೆ ಜನವರಿಗೆ ಮುಂಚೆ ಏನೂ ಬದಲಿಸುವುದಿಲ್ಲ ಎಂದು ಬೇಸಿಗೆಯಲ್ಲೇ ಬರೆದು ಇಬ್ಬರೂ ಸಹಿ ಹಾಕಿದ್ದೆವು. ವೈದ್ಯೆಯ ಬಳಿ ಅದರ ಒಂದು ಪ್ರತಿ ಇತ್ತು. ಬದಲಿಸಬೇಕೆಂದರೆ ಅವರಿಗೆ ಫೋನ್ ಮಾಡಬೇಕು. ನಮ್ಮಿಬ್ಬರಿಗೂ ಆ ಫೋನ್ ಮಾಡುವ ಧೈರ್ಯ ಇರಲಿಲ್ಲ.

ಸಾಲು ಹಿಂದೆ ಹೋದದ್ದರಿಂದ ಬೇರೆ ಯೋಚನೆ ಮಾಡಲೇಬೇಕಾಯಿತು. ಎಲ್ಲ ರೇಸ್‌ಗಳಲ್ಲೂ ಹಿಂದಿನ ಸಾಲು ಒಂದೇ ಥರ ಹೊಡೆಯುವುದಿಲ್ಲ. ಒಣ ಹುಲ್ಲಿನ, ಜೋರು ಓಡುವ ಕೋರ್ಸ್‌ನಲ್ಲಿ ಶುರುವಿನ ಜಾಗವೇ ಅರ್ಧ ಫಲಿತಾಂಶ. ಬೆಲ್ಜಿಯಂನ ನಾಮೂರ್ ಕೋಟೆಯ ಗುಡ್ಡದ ಕೋರ್ಸ್ ಹಾಗಲ್ಲ. ಅಲ್ಲಿ ಏರು ಇದೆ, ಜಾರುವ ಓರೆ ಇಳಿಜಾರು ಇದೆ, ತಪ್ಪು ಮಾಡಿದವರು ಸುತ್ತು ಸುತ್ತಿಗೂ ಹಿಂದೆ ಬರುತ್ತಾರೆ. ಝೋನ್‌ಹೋವನ್‌ನ ಮರಳಿನ ಗುಂಡಿ, ಕಾಕ್ಸೈಡೆಯ ದಿಬ್ಬಗಳು ಇನ್ನೊಂದು ಬಗೆ. ಮರಳಿನಲ್ಲಿ ಮುಂದಿನ ಚಕ್ರ ತಾನಾಗಿ ದಾರಿ ಹುಡುಕಲು ಬಿಡಬೇಕು, ಹ್ಯಾಂಡಲ್ ಗಟ್ಟಿ ಹಿಡಿದರೆ ಮುಗಿಯಿತು. ಆಕೆಗೆ ಅದು ಬರುತ್ತಿತ್ತು. 34 ರೇಸ್ ಇದ್ದಾಗ ಎಲ್ಲಕ್ಕೂ ಹೋಗುತ್ತಿದ್ದೆವು, ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. 19 ಇದ್ದಾಗ ಆರಿಸಬೇಕಾಯಿತು. ಕೆಸರು, ಏರು, ಮರಳು ಇರುವವನ್ನು ಇಟ್ಟುಕೊಂಡು ಜೋರು ಕೋರ್ಸ್‌ಗಳನ್ನು ಬಿಟ್ಟೆವು.

ರೇಸ್ ಇಲ್ಲದ ವಾರಾಂತ್ಯಗಳಲ್ಲಿ ಕೆಲಸಕ್ಕೆ ಸಮಯ ಸಿಕ್ಕಿತು. ಬುಧವಾರಗಳಂದು ಬರೀ ಮೊದಲ 20 ಸೆಕೆಂಡಿನ ಅಭ್ಯಾಸ: ಪೆಡಲ್‌ಗೆ ಕಾಲು ಸಿಕ್ಕಿಸುವುದು, ಎರಡು ಭುಜಗಳ ನಡುವೆ ಜಾಗ ಕಾಣುವುದು. ಟೈರ್ ಗಾಳಿಯ ಲೆಕ್ಕವನ್ನೂ ಹೊಸದಾಗಿ ಮಾಡಿದೆವು. ತೂಕ ಬದಲಾಗಿತ್ತಲ್ಲ. ಕೆಸರಿಗೆ ಸುಮಾರು 1.3 ಬಾರ್, ಹೆಪ್ಪುಗಟ್ಟಿದ ಗಾಡಿಜಾಡಿಗೆ ಇನ್ನೂ ಮೇಲೆ. ಬೂಟು ಬಿಚ್ಚಿದ ಮೇಲೆ ಜಿಮ್‌ನಲ್ಲಿ ಭಾರ ಎತ್ತುವುದು, ಹಗ್ಗದಾಟ ಶುರುವಾಗಿತ್ತು. ಮೂಳೆಗೆ ಬೇಕಾದ ಭಾರ ಸಿಗುವುದು ಅಲ್ಲಿ.

ಜನವರಿಯಲ್ಲಿ ಒಂದು ವರ್ಲ್ಡ್ ಕಪ್. ಹಿಂದಿನ ರಾತ್ರಿಯೆಲ್ಲ ಮಳೆ. ಐದನೇ ಸಾಲು. ಮೊದಲ ಸುತ್ತು ಮುಗಿದಾಗ 31ನೆಯವಳು. ಅರ್ಧ ಸುತ್ತಿಗೊಮ್ಮೆ ಸೈಕಲ್ ಬದಲಿಸುತ್ತಿದ್ದೆವು. ಕೆಸರು ಮೆತ್ತಿಕೊಂಡ ಸೈಕಲ್ ಎತ್ತಿದರೆ ಎಷ್ಟೋ ಕೆಜಿ ಜಾಸ್ತಿ ಭಾರ. ನಾವು ತೊಳೆಯುವಷ್ಟರಲ್ಲಿ ಆಕೆ ಮತ್ತೆ ಪಿಟ್‌ನಲ್ಲಿ. ಮೂರನೇ ಸುತ್ತಿನಲ್ಲಿ 22. ಕೊನೆಯ ಎರಡು ಸುತ್ತುಗಳಲ್ಲಿ ಉಳಿದವರು ನಿಧಾನವಾದರು, ಆಕೆ ಆಗಲಿಲ್ಲ. ಒಂಬತ್ತನೇ ಸ್ಥಾನ. ಹಿಂದಿನ ವರ್ಷ ಕೊನೆಯ ಸುತ್ತು ಅಂದರೆ ಬೀಳುವ ಸುತ್ತಾಗಿತ್ತು.

ಆಮೇಲೆ

ಇನ್ನೂ ಎರಡು ಸೀಸನ್ ನನ್ನ ಜೊತೆ, ಆಮೇಲೆ ಬೇರೆ ಕೋಚ್ ಜೊತೆ ಎರಡು. ವರ್ಷಕ್ಕೆ 18ರಿಂದ 22 ರೇಸ್. ವರ್ಲ್ಡ್ ಕಪ್‌ನಲ್ಲಿ ಅತ್ಯುತ್ತಮ ಸ್ಥಾನ ಆರನೆಯದು. ವೇದಿಕೆ ಏರಲಿಲ್ಲ. 31ಕ್ಕೆ ನಿಲ್ಲಿಸಿದಳು. ಮೂಳೆಯ ಸ್ಕೋರ್ ಮೈನಸ್ 1.3ಕ್ಕೆ ಬಂದು ನಿಂತಿದೆ. ಕಳೆದದ್ದು ಪೂರ್ತಿ ಮರಳಲಿಲ್ಲ. ಈಗಲೂ ಎರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾಳೆ.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದನ್ನು ಹೇಳುತ್ತೇನೆ. ಹೊಸ ಆಟಗಾರ್ತಿ ಬಂದರೆ ಮೊದಲ ಭೇಟಿಯಲ್ಲೇ ಮುಟ್ಟಿನ ಬಗ್ಗೆ ಕೇಳುತ್ತೇನೆ, ನಿದ್ದೆ ಬಗ್ಗೆ ಕೇಳುವ ಹಾಗೇ. ನನಗೆ ಹೇಳಲು ಇಷ್ಟವಿಲ್ಲದಿದ್ದರೆ ಯಾರಿಗೆ ಹೇಳಬಹುದು ಎಂದು ಅಲ್ಲೇ ತೀರ್ಮಾನ ಮಾಡುತ್ತೇವೆ. ಮೂರು ತಿಂಗಳು ಬಾರದಿದ್ದರೆ ವೈದ್ಯರ ಬಳಿ, ಚರ್ಚೆಯಿಲ್ಲ. ಪಟ್ಟಿ ಹಾಕುವಾಗ ಮೊದಲು ಖಾಲಿ ವಾರಗಳನ್ನು ಬರೆಯುತ್ತೇನೆ, ಆಮೇಲೆ ರೇಸ್. ಫಲಿತಾಂಶ ಒಮ್ಮೆಲೇ ಚೆನ್ನಾಗಿ ಬಂದರೆ ಅದರ ಹಿಂದೆ ತೂಕ ಇಳಿದಿದೆಯಾ ಎಂದು ನೋಡುತ್ತೇನೆ. ಕಷ್ಟದ ದಿನ ತೀರ್ಮಾನ ಮಾಡುವುದಿಲ್ಲ. ಮಾಡಬೇಕಾದವನ್ನು ಬೇಸಿಗೆಯಲ್ಲೇ ಬರೆದು ಮೂರನೆಯವರ ಕೈಗೆ ಕೊಡುತ್ತೇನೆ. ದುಡ್ಡಿನ ಮಾತನ್ನೂ ಅದೇ ಕಾಗದದಲ್ಲಿ ಬರೆಯುತ್ತೇನೆ. ಬಾಡಿಗೆ ಕಟ್ಟಲಾಗದ ಹುಡುಗಿಗೆ ವಿಶ್ರಾಂತಿ ತೆಗೆದುಕೋ ಎಂದು ಹೇಳಿ ಉಪಯೋಗವಿಲ್ಲ.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತ ಇಲ್ಲ. ಆರನೇ ಸ್ಥಾನ ಬಂದ ದಿನಕ್ಕಿಂತ ಆ 11ನೇ ಸ್ಥಾನದ ದಿನವೇ ಆಕೆಗೆ ಹೆಚ್ಚು ನೆನಪಾಗುತ್ತದಂತೆ. ಮೆಟ್ಟಿಲಿನಲ್ಲಿ ಸೈಕಲ್ ಹೆಗಲ ಮೇಲಿದ್ದದ್ದೇ ಗೊತ್ತಾಗಲಿಲ್ಲ, ಹಾಗೆ ಮತ್ತೆಂದೂ ಆಗಲಿಲ್ಲ ಎನ್ನುತ್ತಾಳೆ. ಕಳೆದ ಚಳಿಗಾಲದಲ್ಲಿ ಫೋನ್ ಮಾಡಿದಾಗಲೂ ಅದನ್ನೇ ಹೇಳಿದಳು. ಅದು ಕಾಯಿಲೆಯ ಹಗುರ ಎಂದು ಹೇಳಲು ಹೋದೆ. "ನನಗೂ ಗೊತ್ತು. ಆದರೆ ಆವತ್ತು ಪಿಟ್‌ನಲ್ಲಿ ನಿಂತು 'ಹಾಗೇ ಹೋಗು, ಹಾಗೇ ಹೋಗು' ಅಂತ ಕೂಗಿದ್ದು ನೀವೇ" ಎಂದಳು. ಹೌದು, ನಾನೇ ಎಂದೆ.